ಹಿಂದಿನ ಸೀಟಿನ ರಸಿಕರು

ಕಾರಿನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಸ್ಟೇರಿಂಗ್ ಹಿಡಿದುಕೊಂಡೇ ಬರೆಯುತ್ತಾರೆ. ಪಿಕಪ್ ಎಷ್ಟು, ತಿರುವಿನಲ್ಲಿ ಹಿಡಿತ ಹೇಗೆ, ಗೇರ್ ಎಷ್ಟು ಮೆತ್ತಗೆ ಬೀಳುತ್ತದೆ ಎಂಬುದೆಲ್ಲ ಓಡಿಸುವವನ ಸುಖದುಃಖ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಗಾಡಿ ಹತ್ತುವ ಬಹುಪಾಲು ಮಂದಿ ಜನ್ಮದಲ್ಲಿ ಸ್ಟೇರಿಂಗ್ ಮುಟ್ಟಿದವರಲ್ಲ. ಅವರು ಹಿಂದೆ ಕೂತವರು. ಮಡಿಲಲ್ಲಿ ಮಗು, ಕಾಲ ಬಳಿ ಬುತ್ತಿ ಗಂಟು, ಹೆಗಲ ಮೇಲೆ ಪಕ್ಕದವರ ತೂಕಡಿಕೆ. ಗಾಡಿ ಚಲೋ ಐತೋ ಇಲ್ಲೋ ಎಂದು ಹೇಳುವ ಅಧಿಕಾರ ನಿಜವಾಗಿ ಇವರದು. ಕೇಳುವವರು ಮಾತ್ರ ಕಡಿಮೆ.

ಅವರನ್ನು ಕೇಳಿದರೆ ಬರುವ ಉತ್ತರ ವಾಹನ ಪಂಡಿತರಿಗೆ ರುಚಿಸಲಿಕ್ಕಿಲ್ಲ. ಕ್ವಾಲಿಸ್, ಸ್ಕಾರ್ಪಿಯೋ, ತವೇರಾ ಎಲ್ಲದರಲ್ಲೂ ಕೂತು ಬಂದ ಹಿರಿಯರು ಕೊನೆಗೆ ಹೇಳುವುದು ಒಂದೇ ಹೆಸರು: ಓಮ್ನಿ. ಮೂತಿಯಿಲ್ಲದ, ಚೌಕಾಕಾರದ, ಸಣ್ಣ ಚಕ್ರದ, ಹೆದ್ದಾರಿಯಲ್ಲಿ ಲಾರಿ ಪಕ್ಕಕ್ಕೆ ಹಾದರೆ ಅಲುಗಾಡುವ ಆ ಮಾರುತಿ ವ್ಯಾನು. 2019ರಲ್ಲಿ ಅದರ ತಯಾರಿಕೆ ನಿಂತಿತು. ಆದರೂ ಕೆಎ-48 ನಂಬರಿನ ಹಳೆಯ ಓಮ್ನಿಗಳು ಹಿಪ್ಪರಗಿಯ ಸುತ್ತ ಇನ್ನೂ ಓಡುತ್ತಿವೆ. ಕಡಿಮೆ ದುಡ್ಡಿನಲ್ಲಿ ಹೆಚ್ಚು ಜನರನ್ನು ಹೊರುವ ಗಾಡಿ ಎಂದು ಅದನ್ನು ಹೊಗಳುವವರು ಬಹಳ. ಅದು ಚೆಂದದ ವಸ್ತುವೂ ಹೌದು ಎನ್ನುವವರು ಕಡಿಮೆ. ನನಗೆ ಅದು ಚೆಂದದ ವಸ್ತು. ಆ ಚೆಂದ ಕಾಣಬೇಕಾದರೆ ಹಿಂದಿನ ಸೀಟಿನಲ್ಲೇ ಕೂರಬೇಕು.

ಮೊದಲು ಆಕಾರ. ಓಮ್ನಿಯ ಉದ್ದ 3,370 ಮಿಲಿಮೀಟರ್, ಅಗಲ 1,410, ಎತ್ತರ 1,640. ಆ ಕಾಲದ ಗೌರವಸ್ಥರ ಗಾಡಿಯಾದ ಅಂಬಾಸಡರ್ ಸುಮಾರು 4.3 ಮೀಟರ್ ಉದ್ದವಿತ್ತು. ಅದರ ಮುಂಭಾಗವೆಲ್ಲ ಬೋನೆಟ್ಟಿಗೆ, ಹಿಂಭಾಗವೆಲ್ಲ ಡಿಕ್ಕಿಗೆ ಹೋಗಿ, ಮನುಷ್ಯರಿಗೆ ಉಳಿದದ್ದು ನಡುವಿನ ಕೋಣೆಯಷ್ಟೇ. ಅದಕ್ಕಿಂತ ಸುಮಾರು ಒಂದು ಮೀಟರ್ ಗಿಡ್ಡವಾದ ಓಮ್ನಿಯಲ್ಲಿ ಎಂಟು ಸೀಟು! ಇದರಲ್ಲಿ ಜಾದೂ ಏನಿಲ್ಲ, ಕೂಡಿ ಕಳೆದ ಲೆಕ್ಕ. ಎಂಜಿನ್ನನ್ನು ಮುಂದಿನಿಂದ ತೆಗೆದು ಮುಂದಿನ ಸೀಟುಗಳ ಅಡಿಗೆ ತಳ್ಳಿದರು. ಚಾಲಕನನ್ನು ಮುಂದಿನ ಚಕ್ರಗಳ ಮೇಲೇ ಕೂರಿಸಿದರು. ಗಾಜಿನಿಂದಾಚೆ ಒಂದು ಗೇಣಿನಷ್ಟು ತಗಡು ಬಿಟ್ಟರೆ ಮುಂದೆ ಏನೂ ಇಲ್ಲ. ಉಳಿದ ಉದ್ದವೆಲ್ಲ ಹಿಂದೆ ಕೂರುವವರ ಪಾಲಿಗೆ ಬಂತು.

ಈ ಏರ್ಪಾಡಿನಿಂದ ಇನ್ನೊಂದು ಸಂಗತಿಯೂ ಆಯಿತು. ಮುಂದಿನ ಚಕ್ರದ ಮೇಲೆ ಕೂರುವ ಚಾಲಕ ಒಂದು ಕಾಲು ಎತ್ತಿ, ಹಿಡಿ ಹಿಡಿದು, ಮೈ ಬಗ್ಗಿಸಿ ಏರಬೇಕು. ಹಿಂದಿನ ಬಾಗಿಲಿನ ಕೆಳಗೆ ಚಕ್ರವಿಲ್ಲ, ಎಂಜಿನ್ ಇಲ್ಲ. ಅಲ್ಲಿ ನೆಲ ತಗ್ಗು. ಇಳಕಲ್ ಸೀರೆ ಉಟ್ಟ ಆಯಿ ಮೊಣಕಾಲು ಹಿಡಿದುಕೊಂಡು ಒಂದೇ ಹೆಜ್ಜೆಗೆ ಒಳಗೆ ಹೋಗಬಹುದು. ಗಾಡಿಯ ಮಾಲೀಕನಿಗೆ ಏರುವ ಕಷ್ಟ, ಹಿಂದೆ ಕೂರುವವರಿಗೆ ಸಲೀಸು. ಬೇರೆ ಯಾವ ಕಾರಿನಲ್ಲಿ ಈ ನ್ಯಾಯ ಕಂಡಿದ್ದೀರಿ? ದೊಡ್ಡ ದೊಡ್ಡ ಎಸ್‌ಯುವಿಗಳಲ್ಲಿ ಮುಂದಿನವರು ರಾಜರಂತೆ ಕೂರುತ್ತಾರೆ, ಮೂರನೇ ಸಾಲಿಗೆ ಹೋಗುವವರು ಎರಡನೇ ಸಾಲಿನ ಸೀಟು ಮಡಚಿ, ನುಸುಳಿ, ಮೊಣಕಾಲು ಗದ್ದಕ್ಕೆ ಹಚ್ಚಿ ಕೂರಬೇಕು.

ಇದನ್ನು ಯಾರೂ ಹಿಪ್ಪರಗಿಯ ಆಯಿಯನ್ನು ನೆನೆದು ಮಾಡಲಿಲ್ಲ. ಓಮ್ನಿಯ ಮೂಲ ಜಪಾನಿನ ಸುಜುಕಿ ಕ್ಯಾರಿ. ಜಪಾನಿನಲ್ಲಿ 'ಕೇ' ಎಂಬ ಪುಟ್ಟ ವಾಹನಗಳ ವರ್ಗವಿದೆ, ತೆರಿಗೆ ಕಡಿಮೆ, ನಿಯಮ ಕಟ್ಟುನಿಟ್ಟು. ಎಪ್ಪತ್ತರ ದಶಕದ ನಡುವಿನಿಂದ 1990ರವರೆಗೆ ಆ ವರ್ಗದ ಗಾಡಿ 3.2 ಮೀಟರ್ ಉದ್ದ, 1.4 ಮೀಟರ್ ಅಗಲ, 550 ಸಿಸಿ ಎಂಜಿನ್ ಮೀರುವಂತಿರಲಿಲ್ಲ. ಇಷ್ಟು ಇಕ್ಕಟ್ಟಿನಲ್ಲಿ ತರಕಾರಿ ಬುಟ್ಟಿ, ಮೀನಿನ ಪೆಟ್ಟಿಗೆ, ಮನೆಮಂದಿ ಎಲ್ಲವನ್ನೂ ಹಿಡಿಸಬೇಕೆಂದರೆ ಒಂದೊಂದು ಇಂಚಿಗೂ ಲೆಕ್ಕ ಕೊಡಬೇಕು. ಜಪಾನಿನ ಎಂಜಿನಿಯರುಗಳು ಆ ಲೆಕ್ಕ ಮಾಡಿದರು. ಅದೇ ಗಾಡಿ ನಮ್ಮಲ್ಲಿಗೆ ಬರುವಾಗ ಎಂಜಿನ್ ಬೆಳೆದು 796 ಸಿಸಿ ಆಯಿತು, ಅಗಲ ಹೆಚ್ಚುಕಡಿಮೆ ಅಷ್ಟೇ ಉಳಿಯಿತು. ಟೋಕಿಯೋದ ಗಲ್ಲಿಗೆ ಹಾಕಿದ ಅಳತೆ ಬನಹಟ್ಟಿಯ ನೇಕಾರ ಓಣಿಗೆ ಸರಿಹೋಯಿತು. ಒಂದು ಕಡೆ ಮನೆಯ ಕಟ್ಟೆ, ಇನ್ನೊಂದು ಕಡೆ ನಿಲ್ಲಿಸಿದ ಚಕ್ಕಡಿ, ನಡುವೆ ಹಾಯಬಲ್ಲ ನಾಲ್ಕು ಚಕ್ರದ ಗಾಡಿ ಎಂದರೆ ಇದೇ. ತಿರುಗಲು ಬೇಕಾದ ತ್ರಿಜ್ಯ 4.1 ಮೀಟರ್. ಹನುಮಪ್ಪನ ಗುಡಿಯ ಮುಂದಿನ ಸಣ್ಣ ಬಯಲಿನಲ್ಲಿ ಒಂದೇ ಸುತ್ತಿಗೆ ಹೊರಳಿ ನಿಲ್ಲುತ್ತದೆ.

1984 ಎಂಬ ವರ್ಷವನ್ನು ಇಲ್ಲಿ ಸ್ವಲ್ಪ ಗಮನಿಸಬೇಕು. 1983ರ ಡಿಸೆಂಬರಿನಲ್ಲಿ ಗುರುಗ್ರಾಮದ ಮಾರುತಿ ಕಾರ್ಖಾನೆಯಿಂದ ಮೊದಲ ಮಾರುತಿ 800 ಹೊರಬಂತು. ಮರುವರ್ಷ, 1984ರಲ್ಲಿ, ಎರಡನೆಯ ವಾಹನವಾಗಿ ಮಾರುತಿ ವ್ಯಾನ್ ಬಂತು. ಓಮ್ನಿ ಎಂಬ ಹೆಸರು ಸೇರಿದ್ದು ನಾಲ್ಕು ವರ್ಷದ ಮೇಲೆ. ವ್ಯಾನ್ ಬಂದ ಹೊತ್ತಿಗೇ ಅಮೆರಿಕದಲ್ಲಿ ಕ್ರೈಸ್ಲರ್ ಕಂಪನಿ 1984ರ ಮಾದರಿಯೆಂದು ಡಾಜ್ ಕ್ಯಾರವಾನ್, ಪ್ಲಿಮತ್ ವಾಯೇಜರ್ ಎಂಬ ಅವಳಿ ಗಾಡಿಗಳನ್ನು ಬಿಟ್ಟು, ಮಿನಿವ್ಯಾನ್ ಎಂಬ ಹೊಸ ಜಾತಿಯನ್ನೇ ಹುಟ್ಟಿಸಿತು. ಫ್ರಾನ್ಸಿನಲ್ಲಿ ರೆನೋ ಎಸ್ಪಾಸ್ ಬಂದದ್ದೂ ಅದೇ 1984ರಲ್ಲಿ. ಮೂರು ಖಂಡಗಳಲ್ಲಿ ಒಂದೇ ಕಾಲಕ್ಕೆ ಮನೆಮಂದಿಯೆಲ್ಲ ಒಂದೇ ಗಾಡಿಯಲ್ಲಿ ಕೂರುವ ಏರ್ಪಾಡು ಬಂದಂತಾಯಿತು. ಅಮೆರಿಕದವರು ಸುಮಾರು ನಾಲ್ಕೂವರೆ ಮೀಟರ್ ತಗೊಂಡರು, ಫ್ರೆಂಚರು ನಾಲ್ಕೂಕಾಲು. ನಾವು ಮೂರು ಮೀಟರ್ ಚಿಲ್ಲರೆಯಲ್ಲಿ ಮುಗಿಸಿದೆವು. ಇಷ್ಟಾಗಿಯೂ ಮಿನಿವ್ಯಾನಿನ ಚರಿತ್ರೆ ಹೇಳುವವರು ಮೊದಲೆರಡನ್ನು ಹೇಳಿ ಸುಮ್ಮನಾಗುತ್ತಾರೆ. ಇನ್ನೂ ಹಿಂದಕ್ಕೆ ಹೋದರೆ ಇಟಲಿಯ ಫಿಯಟ್ 600 ಮಲ್ಟಿಪ್ಲಾ, 1956ರದು. ಅದೂ ಪುಟ್ಟದು, ಅದೂ ಚಾಲಕನನ್ನು ಮುಂದಿನ ಚಕ್ರದ ಮೇಲೆ ಕೂರಿಸಿ ಆರು ಮಂದಿಗೆ ಜಾಗ ಮಾಡಿತ್ತು. ಗಡಿಯಾಚೆ ಪಾಕಿಸ್ತಾನದಲ್ಲಿ ಓಮ್ನಿಯ ಅಣ್ಣತಮ್ಮನೇ ಆದ ಸುಜುಕಿ ಬೋಲಾನ್ ದಶಕಗಟ್ಟಲೆ ಶಾಲೆಯ ಮಕ್ಕಳನ್ನು, ಮದುವೆಯ ಬೀಗರನ್ನು ಹೊತ್ತು ತಿರುಗಿತು. ಬಡದೇಶಗಳ ದೊಡ್ಡ ಕುಟುಂಬಗಳಿಗೆ ಒಗ್ಗುವ ಗಾಡಿ ಹೇಗಿರಬೇಕು ಎಂಬುದಕ್ಕೆ ಎಲ್ಲೆಲ್ಲೂ ಒಂದೇ ಉತ್ತರ ಸಿಕ್ಕಿತ್ತು: ಎಂಜಿನ್ನಿಗೆ ಕಡಿಮೆ ಜಾಗ, ಜನಕ್ಕೆ ಹೆಚ್ಚು.

ಇನ್ನು ಬಾಗಿಲು. ಓಮ್ನಿಯ ಸೊಗಸನ್ನೆಲ್ಲ ಒಂದೇ ಕಡೆ ತೋರಿಸು ಎಂದರೆ ನಾನು ಬೆರಳು ಮಾಡುವುದು ಅಲ್ಲಿಗೆ. ಹತ್ತಿರ ಹೋಗಿ ನೋಡಿ. ಬಾಗಿಲು ಮೂರು ಹಳಿಗಳ ಮೇಲೆ ಓಡುತ್ತದೆ. ಮೇಲೆ ಚಾವಣಿಯ ಅಂಚಿನಲ್ಲಿ ಒಂದು, ಕೆಳಗೆ ಮೆಟ್ಟಿಲ ಬಳಿ ಒಂದು, ಹೊರಮೈಯಲ್ಲಿ ಹಿಂದಿನ ಗಾಜಿನ ಕೆಳಗೆ ಉದ್ದಕ್ಕೆ ಇನ್ನೊಂದು. ಈ ಮೂರನೆಯದು ಎಲ್ಲರಿಗೂ ಕಾಣುವಂಥದು. ಹಿಡಿ ಎಳೆದ ಕೂಡಲೇ ಬಾಗಿಲು ಹಿಂದಕ್ಕೆ ಹೋಗುವುದಿಲ್ಲ. ಮೊದಲು ಸ್ವಲ್ಪ ಹೊರಕ್ಕೆ ಬರುತ್ತದೆ, ಗಾಡಿಯ ಮೈಯಿಂದ ತನ್ನನ್ನು ಬಿಡಿಸಿಕೊಳ್ಳುತ್ತದೆ, ಆಮೇಲೆ ಹಳಿ ಹಿಡಿದು ಹಿಂದಕ್ಕೆ ಸರಿಯುತ್ತದೆ. ಈ ಎರಡು ಚಲನೆಗಳ ನಡುವೆ ಒಂದು ಕ್ಷಣದ ತಡೆ ಇದೆ. ಗೊತ್ತಿದ್ದವರ ಕೈ ಆ ತಡೆಯನ್ನು ಅನುಸರಿಸುತ್ತದೆ. ಗೊತ್ತಿಲ್ಲದವರು ಗುದ್ದಾಡುತ್ತಾರೆ. ಮುಚ್ಚುವಾಗಲೂ ಅಷ್ಟೇ. ಮುಂದಕ್ಕೆ ಬಿಟ್ಟು ಕೊನೆಯ ಗೇಣಿನಲ್ಲಿ ಒಂದಿಷ್ಟು ಒತ್ತು ಕೊಟ್ಟರೆ ಬಾಗಿಲು ಒಳಕ್ಕೆ ಹೊರಳಿ ಕೂರುತ್ತದೆ. ಹೆದರಿ ಮೆಲ್ಲಗೆ ತಳ್ಳಿದರೆ ಅರ್ಧಕ್ಕೆ ನಿಲ್ಲುತ್ತದೆ, ಸಿಟ್ಟಿನಿಂದ ಎಸೆದರೆ ಇಡೀ ಓಣಿ ಎಚ್ಚರಾಗುತ್ತದೆ.

"ಕಾಕಾ, ಹಗೂರಕ ಜಗ್ಗ್ರಿ! ಬಾಗಲಾ ಕಿತ್ತ ಕೈಯಾಗ ಬಂದೀತು!"

ಈ ಮಾತು ಕೇಳದ ಓಮ್ನಿಯೇ ಇಲ್ಲ. ಸಿನಿಮಾದವರಿಗೆ ಈ ಬಾಗಿಲು ಅಪಹರಣಕ್ಕೆ ಅನುಕೂಲವಾಗಿ ಕಂಡಿತು. ಓಡುವ ವ್ಯಾನು, ಸರ್ರನೆ ಸರಿಯುವ ಬಾಗಿಲು, ಒಳಗೆಳೆಯುವ ನಾಲ್ಕು ಕೈ. ಎಷ್ಟೋ ಖಳನಾಯಕರ ಅನ್ನ ಇದರಲ್ಲಿ ನಡೆಯಿತು. ನಮ್ಮ ಓಣಿಗಳಲ್ಲಿ ಅದರ ಉಪಯೋಗ ಬೇರೆ. ಹೊರಕ್ಕೆ ತೆರೆಯುವ ಬಾಗಿಲಿಗೆ ಗಾಡಿಯ ಅಗಲದ ಮೇಲೆ ಇನ್ನೆರಡು ಅಡಿ ಬೇಕು. ಆ ಎರಡಡಿ ಇಲ್ಲದ ಕಡೆಯೇ ನಮ್ಮ ಮನೆಗಳಿರುವುದು. ಸರಿಯುವ ಬಾಗಿಲು ಕಟ್ಟೆಗೆ ತಾಗಿ ನಿಂತ ಗಾಡಿಯಲ್ಲೂ ಪೂರ್ತಿ ತೆರೆಯುತ್ತದೆ. ಸಂತೆಯ ದಿನ ಟಂಟಂ, ಬೈಕು, ಎಮ್ಮೆ ಎಲ್ಲ ಒತ್ತೊತ್ತಾಗಿ ನಿಂತಾಗಲೂ ಇಳಿಯುವವರು ಯಾರ ಮೈಗೂ ಬಾಗಿಲು ತಾಗಿಸದೆ ಇಳಿಯುತ್ತಾರೆ. ಪೂರ್ತಿ ತೆರೆದಾಗ ಆ ಬಾಗಿಲಿನ ಅಗಲ ಎಷ್ಟಿರುತ್ತದೆಂದರೆ ಭಜನಾ ಮಂಡಳಿಯವರು ಹಾರ್ಮೋನಿಯಂ ಪೆಟ್ಟಿಗೆ, ತಬಲಾ, ಡಗ್ಗಾ ಎತ್ತಿಡುವಾಗ ಅಡ್ಡಡ್ಡ ತಿರುಗಿಸುವ ಪ್ರಮೇಯವೇ ಬರುವುದಿಲ್ಲ.

ಬಾಗಿಲಿನಿಂದ ಒಳಗೆ ಬಂದರೆ ಎಂಟು ಸೀಟಿನ ಓಮ್ನಿಯ ನಿಜವಾದ ವೈಭವ ಕಾಣುತ್ತದೆ: ಎದುರುಬದುರು ಸೀಟು. ನಡುವಿನ ಸಾಲು ಹಿಂದಕ್ಕೆ ಮುಖ ಮಾಡಿದೆ, ಕೊನೆಯ ಸಾಲು ಮುಂದಕ್ಕೆ. ಮೂವರು ಈ ಕಡೆ, ಮೂವರು ಆ ಕಡೆ, ನಡುವೆ ಮೊಣಕಾಲಿಗೆ ಮೊಣಕಾಲು. ಕಾರು ಎಂಬ ವಸ್ತು ಜನರನ್ನು ಸಾಲಾಗಿ ಕೂರಿಸಿ ಒಬ್ಬರ ಹಿಂದೆ ಒಬ್ಬರನ್ನು ಕಟ್ಟುತ್ತದೆ. ಕೂತವರು ನೋಡುವುದು ಮುಂದಿನವರ ತಲೆಯ ಹಿಂಭಾಗವನ್ನು. ಓಮ್ನಿಯಲ್ಲಿ ಮುಖ ಕಾಣುತ್ತದೆ. ನಮ್ಮ ಕಡೆ ಚಿಂಚಲಿ ಮಾಯಕ್ಕನ ಜಾತ್ರೆಗೆ ಹೋಗುತ್ತಿದ್ದ ಸವಾರಿ ಬಂಡಿಯಲ್ಲಿ ಇದ್ದ ಏರ್ಪಾಡು ಇದೇ: ಕಮಾನಿನ ಕೆಳಗೆ ಹಾಸಿದ ಗಾದಿ, ಎರಡು ಬದಿಗೆ ಒರಗಿ ಎದುರುಬದುರು ಕೂತ ಹೆಣ್ಣುಮಕ್ಕಳು, ನಡುವೆ ಬುತ್ತಿ. ಭಾರತ ಹುಣ್ಣಿಮೆಗೆ ಬಂಡಿ ಕಟ್ಟಿಕೊಂಡು ಹೊರಡುವವರು ಈಗಲೂ ಇದ್ದಾರೆ. ಬಂಡಿ ಬಿಟ್ಟವರು ಓಮ್ನಿ ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ. ಕೂರುವ ರೀತಿ ಬದಲಾಗಬೇಕಾಗಿರಲಿಲ್ಲ.

ಹೊರಡುವ ಬೆಳಗಿನ ಗಡಿಬಿಡಿಯನ್ನೇ ನೋಡಿ. ಗಾಡಿ ತುಂಬುವುದೂ ಒಂದು ಕಲೆ. ಅದಕ್ಕೆ ಮನೆಯಲ್ಲಿ ಒಬ್ಬರು ಯಜಮಾನರು, ಬಹುಮಟ್ಟಿಗೆ ದೊಡ್ಡವ್ವ.

"ಆಯೀ, ನೀ ಮದಲ ಹತ್ತು. ಕಿಡಕಿ ಕಡೆ ಕುಂದ್ರು, ನಿನಗ ಓಕರಿಕಿ ಬರ್ತೈತಿ. ವೈನಿ, ನೀವು ಆಯಿ ಮಗ್ಗಲಕ. ಏ ತಮ್ಮಾ, ಬುತ್ತಿ ಗಂಟ ಎಲ್ಲಿಟ್ಟಿ? ಅದರ ಮ್ಯಾಲ ಏನೂ ಇಡಬ್ಯಾಡ, ರೊಟ್ಟಿ ಮುರೀತಾವು."

"ದೊಡ್ಡವ್ವಾ, ಜಾಗ ಮುಗೀತು."

"ಜಾಗ ಹೆಂಗ ಮುಗೀತೈತಿ? ಎಲ್ಲಾರೂ ಜರಾ ಜರಾ ಸರೀರಿ."

ಈ 'ಜರಾ ಸರೀರಿ' ಎಂಬ ಮಾತಿನ ಮೇಲೇ ಓಮ್ನಿ ನಡೆಯುವುದು. ಅದರ ಸೀಟು ಒಂದೇ ಉದ್ದನೆಯ ಬೆಂಚು. ನಡುವೆ ಗೆರೆ ಇಲ್ಲ, ಕೈಯೂರಲು ಹಿಡಿ ಇಲ್ಲ, ಇಷ್ಟು ನಿನ್ನದು ಇಷ್ಟು ನನ್ನದು ಎಂಬ ಉಬ್ಬುತಗ್ಗು ಇಲ್ಲ. ಮೂವರ ಸೀಟು ನಾಲ್ವರದಾಗುತ್ತದೆ, ಮಡಿಲ ಮಕ್ಕಳು ಲೆಕ್ಕಕ್ಕೆ ಬರುವುದಿಲ್ಲ. ಕಾನೂನಿನ ಕಣ್ಣಿನಲ್ಲಿ ಇದು ತಪ್ಪು, ಆ ಮಾತಿಗೆ ಮುಂದೆ ಬರುತ್ತೇನೆ. ಆದರೆ ಬೀಗರ ಕಡೆಯ ಮುದುಕಿಯೊಬ್ಬಳು ಕೊನೆಯ ಗಳಿಗೆಯಲ್ಲಿ "ನಾನೂ ಬರ್ತೀನಿ" ಎಂದಾಗ ಇಲ್ಲವೆನ್ನಬೇಕಾದ ಪ್ರಸಂಗ ಆ ಬೆಂಚಿನಲ್ಲಿ ಬರುತ್ತಿರಲಿಲ್ಲ.

ಗಾಡಿ ತೇರದಾಳ ದಾಟಿ ಕುಡಚಿಯ ದಾರಿ ಹಿಡಿದ ಮೇಲೆ ಮಾತು ಶುರುವಾಗುತ್ತದೆ. ಹಿಂದಕ್ಕೆ ಮುಖ ಮಾಡಿ ಕೂತವರಿಗೆ ದಾರಿ ಬರುವುದಿಲ್ಲ, ಹೋಗುತ್ತದೆ. ಎದುರಾಗುವುದನ್ನು ಮೊದಲು ನೋಡುವವರು ಕೊನೆಯ ಸಾಲಿನವರು, ಅವರು ಕಂಡದ್ದನ್ನು ಇವರಿಗೆ ಹೇಳಬೇಕು. "ಕಬ್ಬಿನ ಟ್ರ್ಯಾಕ್ಟರ್ ಬಂತ ನೋಡ, ಎರಡ ಟ್ರೇಲರ್ ಹಾಕ್ಯಾನ." ಅದು ಪಕ್ಕಕ್ಕೆ ಹಾದು ಹಿಂದೆ ಉಳಿದ ಮೇಲೆ ಇವರು ನೋಡುತ್ತಾರೆ. ಒಂದೇ ಟ್ರ್ಯಾಕ್ಟರು ಎರಡು ಸಲ ಸಿಕ್ಕಂತೆ. ಕೃಷ್ಣೆಗೆ ಹಿಪ್ಪರಗಿ ಬ್ಯಾರೇಜ್ ಆದ ಮೇಲೆ ದಂಡೆಯ ಉದ್ದಕ್ಕೂ ಕಬ್ಬೇ ಕಬ್ಬು. ಸುಗ್ಗಿಯಲ್ಲಿ ಈ ರಸ್ತೆಗಳಲ್ಲಿ ಟ್ರೇಲರುಗಳ ಹಿಂದೆ ತೆವಳುವುದು ಇದ್ದದ್ದೇ. ಬಾಗಿಲಿನ ಗಾಜನ್ನೂ ಅಡ್ಡಕ್ಕೆ ಸರಿಸಬಹುದು. ಸರಿಸಿದ ಸಂದಿಯಿಂದ ಬೆಲ್ಲದ ಗಾಣದ ಹೊಗೆ, ಕುದಿಯುವ ಕಬ್ಬಿನ ಹಾಲಿನ ಕಂಪು ಒಳಗೆ ಬರುತ್ತದೆ. ಏಸಿ ಹಾಕಿ ಗಾಜು ಏರಿಸಿದ ಕಾರಿನವರಿಗೆ ಮಹಾಲಿಂಗಪುರದ ಬೆಲ್ಲ ಬೇಕಾದರೆ ಅಂಗಡಿಯಲ್ಲೇ ಇಳಿಯಬೇಕು. ಓಮ್ನಿಯಲ್ಲಿ ಕೂತವರಿಗೆ ಅದರ ಮೊದಲ ಕಂತು ದಾರಿಯಲ್ಲೇ ಸಿಗುತ್ತದೆ.

ಎಂಜಿನ್ನಿನ ಮಾತು ಹೇಳದಿದ್ದರೆ ಮೆಕ್ಯಾನಿಕ್‌ಗಳು ಸಿಟ್ಟಾದಾರು. ಮೂರು ಸಿಲಿಂಡರ್, 796 ಸಿಸಿ, ಮಾರುತಿ 800ರ ಎಂಜಿನ್ನಿನ ಮನೆತನದ್ದೇ. ಶಕ್ತಿ ಸುಮಾರು 35 ಕುದುರೆ. ಇಂದಿನ ದೊಡ್ಡ ಬೈಕುಗಳಿಗೆ ಇದಕ್ಕಿಂತ ಹೆಚ್ಚು ಶಕ್ತಿ ಇರುತ್ತದೆ. ಆ 35 ಕುದುರೆಗಳು ಹಿಂದಿನ ಚಕ್ರಗಳನ್ನು ತಿರುಗಿಸುತ್ತವೆ. ಆದ್ದರಿಂದ ಗಾಡಿ ತುಂಬಿದಷ್ಟೂ ಹಿಂದಿನ ಚಕ್ರಗಳ ಹಿಡಿತ ಹೆಚ್ಚು. ಖಾಲಿ ಓಮ್ನಿಗೆ ಕುಣಿಯುವ ಚಟ, ಎಂಟು ಮಂದಿ ಕೂತರೆ ಹಿಂದಿನ ಪಾಟಾ ತಗ್ಗಿ ಗಂಭೀರವಾಗಿ ಸಾಗುತ್ತದೆ. ರಿಪೇರಿಗೆ ಬೋನೆಟ್ ಎತ್ತುವ ಕೆಲಸವಿಲ್ಲ, ಮುಂದಿನ ಸೀಟು ಎತ್ತಬೇಕು. ಕೆಳಗೆ ಎಂಜಿನ್ ಎಣ್ಣೆಯ ವಾಸನೆಯೊಡನೆ ಕೂತಿರುತ್ತದೆ. ಮಳೆಗಾಲದಲ್ಲಿ ದಾರಿಯ ನಡುವೆ ಕೆಟ್ಟರೂ ಮೆಕ್ಯಾನಿಕ್ ಒಳಗೇ ಕೂತು ಪ್ಲಗ್ ಬಿಚ್ಚಬಹುದು. ಹಿಂದಿನವರು ಬಗ್ಗಿ ನೋಡಿ ಸಲಹೆ ಕೊಡಬಹುದು, ಕೊಡುತ್ತಾರೆ ಕೂಡ. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಮುಂದಿನ ಸೀಟಿನವರ ಪಾಡು ಕೇಳಬಾರದು. ಮೇಲೆ ಮುಧೋಳದ ಬಿಸಿಲು, ಕೆಳಗೆ ಎಂಜಿನ್ನಿನ ಕಾವು. ಇಲ್ಲಿಯೂ ಆ ಹಳೆಯ ನ್ಯಾಯವೇ: ಕಾವು ಮುಂದಿನವರಿಗೆ, ಗಾಳಿ ಹಿಂದಿನವರಿಗೆ.

ಜಾತ್ರೆ, ಮದುವೆಗಳು ವರ್ಷದ ಕೆಲವು ದಿನ. ಉಳಿದ ದಿನಗಳಲ್ಲಿ ಇದೇ ಗಾಡಿ ಹೊಟ್ಟೆಪಾಡಿಗೆ ದುಡಿಯುತ್ತದೆ. ಬೋಲ್ಟ್ ಬಿಚ್ಚಿ ಹಿಂದಿನ ಸೀಟು ಕಟ್ಟೆಗಿಟ್ಟರೆ ಒಳಗೆ ಸಪಾಟಾದ ಒಂದು ಕೋಣೆ. ರಬಕವಿ-ಬನಹಟ್ಟಿಯಲ್ಲಿ ನೇಯ್ದ ಸೀರೆಗಳ ಗಂಟುಗಳು ಚಾವಣಿಯವರೆಗೆ ಏರುತ್ತವೆ. ಹಾಲಿನ ಕ್ಯಾನು, ಕಾಯಿಪಲ್ಲೆಯ ಚೀಲ, ಪೆಂಡಾಲಿನ ಕುರ್ಚಿ, ಮೈಕ್ ಸೆಟ್ಟು, ಶಾಲೆಯ ಮಕ್ಕಳು, ಯಾವುದಕ್ಕೂ ಇಲ್ಲವೆನ್ನಲಿಲ್ಲ. ಹಿಂದಿನ ಬಾಗಿಲು ಮೇಲಕ್ಕೆತ್ತಿ ಸ್ಟ್ರೆಚರ್ ಜಾರಿಸಿದರೆ ಅದೇ ಆ್ಯಂಬುಲೆನ್ಸ್. ನಮ್ಮ ಭಾಗದವರಿಗೆ ದೊಡ್ಡ ಕಾಯಿಲೆ ಎಂದರೆ ಮಿರಜ. ರಾತ್ರೋರಾತ್ರಿ ಮಿರಜದ ಆಸ್ಪತ್ರೆಗೆ ಓಡಿದ ಓಮ್ನಿಗಳಲ್ಲಿ ಎಷ್ಟು ಜೀವ ಉಳಿದವೋ, ಎಷ್ಟು ಕೂಸುಗಳು ದಾರಿಯಲ್ಲೇ ಹುಟ್ಟಿದವೋ! ಬಣ್ಣ ಬಹುತೇಕ ಬಿಳಿ. ಮದುವೆಗೆ ಹೂ ಕಟ್ಟಿದರೂ ಸೈ, ಕೆಂಪು ಅಕ್ಷರ ಬರೆಸಿ ಆ್ಯಂಬುಲೆನ್ಸ್ ಮಾಡಿದರೂ ಸೈ.

ರಸಿಕನೆಂದ ಮಾತ್ರಕ್ಕೆ ಕಣ್ಣು ಮುಚ್ಚಿಕೊಂಡಿರಬೇಕಿಲ್ಲ. ಓಮ್ನಿಗೆ ಮೂತಿ ಇರಲಿಲ್ಲ. ಮೂತಿ ಇಲ್ಲದಿದ್ದರಿಂದ ಜಾಗ ಸಿಕ್ಕಿತು, ಆದರೆ ಡಿಕ್ಕಿಯಾದಾಗ ಮೊದಲ ಪೆಟ್ಟು ತಡೆದುಕೊಳ್ಳಲು ಚಾಲಕನ ಮೊಣಕಾಲು ಬಿಟ್ಟರೆ ಬೇರೇನೂ ಇರಲಿಲ್ಲ. ತಗಡು ತೆಳು, ಏರ್‌ಬ್ಯಾಗ್ ಇಲ್ಲ. ಮಡಿಲಲ್ಲಿ ಕೂತ ಮಗುವನ್ನು ಹಿಡಿದಿಡಲು ತಾಯಿಯ ತೋಳು ಮಾತ್ರ. ಎಂಟರ ಗಾಡಿಯಲ್ಲಿ ಹನ್ನೆರಡು ತುಂಬಿ, ಮಬ್ಬಿನಲ್ಲಿ ದೀಪವಿಲ್ಲದ ಕಬ್ಬಿನ ಟ್ರೇಲರಿನ ಹಿಂದೆ ಓಡಿಸುವ ಧೈರ್ಯಕ್ಕೆ ಹೊಗಳಿಕೆ ಸಲ್ಲದು. ಭಾರತದಲ್ಲಿ ಡಿಕ್ಕಿ ಪರೀಕ್ಷೆಯ ನಿಯಮಗಳು ಬಿಗಿಯಾದಾಗ ಓಮ್ನಿಗೆ ಅದನ್ನು ದಾಟುವ ದಾರಿ ಇರಲಿಲ್ಲ. 35 ವರ್ಷ ನಡೆದು 2019ರಲ್ಲಿ ನಿಂತಿತು. ನಿಂತದ್ದು ಸರಿಯೇ. ಅದರ ತಮ್ಮ ಈಕೋ ಕೂಡ 2016ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ ಸೊನ್ನೆ ನಕ್ಷತ್ರ ಪಡೆಯಿತು. ಜಾಗದ ನ್ಯಾಯ ಎಲ್ಲರಿಗೂ ಸಮನಾಗಿತ್ತು. ಜೀವದ ಭದ್ರತೆ ಎಲ್ಲರಿಗೂ ಸಮನಾಗಿ ಇರಲಿಲ್ಲ.

ಆ ಈಕೋ 2010ರಲ್ಲಿ ಬಂತು. ಅದಕ್ಕೂ ಮೊದಲು 2001ರಲ್ಲಿ ವರ್ಸಾ ಎಂಬ ಅಣ್ಣ ಬಂದಿದ್ದ. ಅಮಿತಾಭ್, ಅಭಿಷೇಕ್ ಬಚ್ಚನ್ ತಂದೆಮಗ ಇಬ್ಬರೂ ಜಾಹೀರಾತಿಗೆ ನಿಂತರೂ ಜನ ಹೆಚ್ಚು ಕೊಳ್ಳಲಿಲ್ಲ. ಅದೇ ಮೈಯನ್ನು ಸರಳಗೊಳಿಸಿ, ಬೆಲೆ ಇಳಿಸಿ, ಈಕೋ ಎಂದು ಬಿಟ್ಟಾಗ ಜನ ಮುಗಿಬಿದ್ದರು. 2023ರ ಹೊತ್ತಿಗೆ ಹತ್ತು ಲಕ್ಷ ದಾಟಿತ್ತು. ಉದ್ದ 3,675 ಮಿಲಿಮೀಟರ್, ಎಂಜಿನ್ 1.2 ಲೀಟರ್, ಸಣ್ಣದೊಂದು ಮೂತಿ ಬಂದಿದೆ. ಸರಿಯುವ ಬಾಗಿಲು ಉಳಿದಿದೆ, ಎಂಜಿನ್ ಈಗಲೂ ಮುಂದಿನ ಸೀಟಿನ ಕೆಳಗೇ. ಎದುರುಬದುರು ಸೀಟು ಹೋಯಿತು. ಎಲ್ಲರೂ ಮುಂದಕ್ಕೇ ನೋಡಬೇಕು. 2025ರಲ್ಲಿ ಆರು ಏರ್‌ಬ್ಯಾಗ್ ಬಂದವು, ಬಹಳ ಒಳ್ಳೆಯದಾಯಿತು. ಅದೇ ವರ್ಷ ಏಳು ಸೀಟಿನದನ್ನು ಬಿಟ್ಟು ಆರು ಸೀಟಿನದನ್ನು ತಂದರು. ನಡುವೆ ಬೆಂಚಿನ ಬದಲು ಎರಡು ಬಿಡಿ ಕುರ್ಚಿ. ಕೂರಲು ಸುಖ, ನಡುವೆ ಹಾಯಲು ದಾರಿ. ಆದರೆ ಬಿಡಿ ಕುರ್ಚಿಯಲ್ಲಿ ಕೂತವರಿಗೆ 'ಜರಾ ಸರೀರಿ' ಎಂದರೆ ಎಲ್ಲಿಗೆ ಸರಿಯಬೇಕು?

ಇನ್ನೊಂದು ಕಡೆಯಿಂದ ಇದೇ ಲೆಕ್ಕವನ್ನು ಬಿಡಿಸಿದ್ದು 2019ರಲ್ಲಿ ಬಂದ ರೆನೋ ಟ್ರೈಬರ್. ನಮ್ಮ ದೇಶದಲ್ಲಿ ನಾಲ್ಕು ಮೀಟರ್ ಒಳಗಿನ ಸಣ್ಣ ಎಂಜಿನ್ನಿನ ಕಾರಿಗೆ ತೆರಿಗೆ ಕಡಿಮೆ. ಆದ್ದರಿಂದ ಟ್ರೈಬರಿನ ಉದ್ದ 3,990 ಮಿಲಿಮೀಟರಿಗೆ ನಿಂತಿದೆ, ಹತ್ತು ಮಿಲಿಮೀಟರ್ ಉಳಿಸಿಕೊಂಡು. ಜಪಾನಿನ ಕೇ ನಿಯಮ ಓಮ್ನಿಯನ್ನು ಕೆತ್ತಿದಂತೆ ದೆಹಲಿಯ ತೆರಿಗೆ ನಿಯಮ ಟ್ರೈಬರನ್ನು ಕೆತ್ತಿತು. ಇದಕ್ಕೆ ಮೂತಿ ಇದೆ, ಮಾಮೂಲಿ ಬಾಗಿಲುಗಳಿವೆ, ಎಂಜಿನ್ 999 ಸಿಸಿಯ ಮೂರು ಸಿಲಿಂಡರಿನದು, ಏಳು ಸೀಟು. ಕೊನೆಯ ಸಾಲಿನ ಎರಡು ಸೀಟುಗಳನ್ನು ಪಾನಾ ಹಿಡಿಯದೆ ಕೈಯಿಂದಲೇ ಕಳಚಿ ಮನೆಯಲ್ಲಿಟ್ಟು ಹೋಗಬಹುದು. ಕಳಚಿದರೆ 625 ಲೀಟರ್ ಸಾಮಾನಿನ ಜಾಗ, ಹಾಕಿದರೆ 84 ಲೀಟರ್. ಓಮ್ನಿಯಲ್ಲಿ ಬೋಲ್ಟ್ ಬಿಚ್ಚಿ ಮಾಡುತ್ತಿದ್ದುದನ್ನು ಇಲ್ಲಿ ಎಂಜಿನಿಯರುಗಳೇ ಮಾಡಿಕೊಟ್ಟಿದ್ದಾರೆ. ತಂಪುಗಾಳಿಯ ಕಿಂಡಿ ಮೂರನೇ ಸಾಲಿಗೂ ಇದೆ. ಆ ಕಿಂಡಿಯನ್ನು ಕಂಡಾಗ ನನಗೆ ನಿಜಕ್ಕೂ ಖುಷಿಯಾಯಿತು. ಬೆಲೆ ಇಳಿಸುವ ಆತುರದಲ್ಲಿ ಮೊದಲು ಕತ್ತರಿಸುವುದು ಕೊನೆಯ ಸಾಲಿನ ಸೌಕರ್ಯವನ್ನು. ಅದನ್ನು ಉಳಿಸಬೇಕೆಂದು ಹಟ ಹಿಡಿದ ಯಾರೋ ಒಬ್ಬರು ಆ ಕಂಪನಿಯೊಳಗೆ ಇದ್ದಿರಬೇಕು. ಆದರೂ ನಾಲ್ಕು ಮೀಟರಿನಲ್ಲಿ ಮೂತಿಗೂ ಪಾಲು ಕೊಟ್ಟ ಮೇಲೆ ಕೊನೆಯ ಸಾಲಿನ ಮೊಣಕಾಲಿಗೆ ಉಳಿಯುವುದು ಮಕ್ಕಳಿಗಷ್ಟೇ ಸಾಲುತ್ತದೆ. ಆಯಿಯನ್ನು ಅಲ್ಲಿಗೆ ಹತ್ತಿಸಲಾಗದು.

ಕಬ್ಬಿನ ಬಿಲ್ಲು ಬಂದ ವರ್ಷ ನಮ್ಮ ಊರುಗಳಲ್ಲಿ ಹೊಸ ಗಾಡಿಗಳ ಪೂಜೆ ಹೆಚ್ಚು. ಎರ್ಟಿಗಾ, ಟ್ರೈಬರ್, ಈಕೋ, ಕೈ ಸ್ವಲ್ಪ ಬಿಗಿಯಿದ್ದವರಿಗೆ ಹಳೆಯ ಓಮ್ನಿಯೇ. ಕೊಳ್ಳಲು ಹೋಗುವವರು ಸಾಮಾನ್ಯವಾಗಿ ಮನೆಯ ಗಂಡಸರು, ಜೊತೆಗೊಬ್ಬ ಗೆಳೆಯ, ಅವನಿಗೆ ಗಾಡಿ ಗೊತ್ತು. ಇಬ್ಬರೂ ಮುಂದಿನ ಸೀಟಿನಲ್ಲಿ ಕೂತು ಒಂದು ಸುತ್ತು ಹೊಡೆದು, ಟಚ್‌ಸ್ಕ್ರೀನ್ ಒತ್ತಿ ನೋಡಿ, ಮುಂಗಡ ಕೊಟ್ಟು ಬರುತ್ತಾರೆ. ಓಮ್ನಿ ನನಗೆ ಕಲಿಸಿದ ಪರೀಕ್ಷೆ ಬೇರೆ. ಶೋರೂಮಿಗೆ ಹೋಗುವಾಗ ಮನೆಯ ಹಿರಿಯ ಹೆಣ್ಣುಮಗಳನ್ನು ಕರೆದುಕೊಂಡು ಹೋಗಿ, ಸೀರೆ ಉಟ್ಟುಕೊಂಡೇ ಬರಲಿ. ಮೊದಲು ಅವರನ್ನು ಕೊನೆಯ ಸಾಲಿಗೆ ಹತ್ತಿಸಿ. ಹತ್ತುವಾಗ ಯಾರ ಕೈ ಬೇಕಾಯಿತು, ಕೂತ ಮೇಲೆ ಹೊರಗೇನು ಕಾಣುತ್ತದೆ, ಗಾಳಿ ಬರುತ್ತದೋ, ಸೊಂಟಕ್ಕೆ ಬೆಲ್ಟ್ ಐತೋ, ತಲೆಗೆ ಒರಗು ಐತೋ ಎಂದು ಕೇಳಿ. ನೀವೂ ಪಕ್ಕದಲ್ಲೇ ಕೂತು, ಗೆಳೆಯನಿಗೆ ಗಾಡಿ ಓಡಿಸಲು ಹೇಳಿ. ಗಾಡಿ ಬಂದು ನಿಂತ ಮೇಲೆ ಅವರು ಇಳಿದು, ಸೆರಗು ಸರಿಮಾಡಿಕೊಂಡು, "ಚಲೋ ಐತಿ, ತಗೋರಿ" ಅಂದರೆ ತಗೊಳ್ಳಿ. "ಮುಂದ ಹೆಂಗೈತೋ ಗೊತ್ತಿಲ್ಲಪಾ, ಹಿಂದಂತೂ ಉಸಿರ ಕಟ್ತು" ಅಂದರೆ ಕಂಪನಿಯವರು ಎಷ್ಟು ರಿಯಾಯಿತಿ ಕೊಟ್ಟರೂ ಇನ್ನೊಂದು ಶೋರೂಮಿಗೆ ಹೋಗಿ.